ಕೋಳಿ ಒಂದು ಕಿವಿಗೆ, ತತ್ತಿ ಒಂದು ಕಿವಿಗೆ

ಈ ಅಧ್ಯಾಯವನ್ನು ಮೊದಲ ಸಲ ಬರೆದಾಗ ನಾನು ಕೋಳಿಯನ್ನು ಎಡಗಿವಿಗೆ ಹಾಕಿದ್ದೆ, ತತ್ತಿಯನ್ನು ಬಲಗಿವಿಗೆ. ಅದು ತಪ್ಪೆಂದು ಆಮೇಲೆ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಕೊನೆಯಲ್ಲಿ ಹೇಳುತ್ತೇನೆ. ಅಷ್ಟು ಖಾತ್ರಿಯಾಗಿ ಬರೆದದ್ದೇ ತಪ್ಪಾಗಿದ್ದರೆ, ಉಳಿದದ್ದರಲ್ಲಿ ಎಷ್ಟು ಸರಿ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ. ಆಗ ನನಗೆ ಎಂಟು ವರ್ಷ. ದಿನಚರಿ ಬರೆಯುವ ರೂಢಿ ಬಿದ್ದದ್ದು ಹದಿನಾಲ್ಕಕ್ಕೆ. ನಡುವಿನ ಆರು ವರ್ಷ ಈ ನೆನಪುಗಳು ಕಾಯುವವರಿಲ್ಲದ ಹೊಲದ ಹಾಗೆ ಬಿದ್ದಿದ್ದವು. ಯಾವುದು ಬಿತ್ತಿದ್ದು, ಯಾವುದು ತಾನೇ ಹುಟ್ಟಿದ್ದು ಎಂದು ಈಗ ಬೇರ್ಪಡಿಸಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಸಾಕ್ಷಿಯ ಲಾಭ ಯಾರಿಗೆ ಎಂದು ಮೊದಲು ಕೇಳಿಕೊಳ್ಳಬೇಕು ಎಂದು ಕಲಿಸಿದ್ದರು. ಇಲ್ಲಿ ಸಾಕ್ಷಿ ನಾನೇ, ಲಾಭವೂ ನನ್ನದೇ. ಓದುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮುಂದೆ ಓದಬೇಕು.

ಯರಗಟ್ಟಿಯಲ್ಲಿ ನಮ್ಮ ಮನೆ ಬೆಳಗಾವಿ ರಸ್ತೆಯಿಂದ ಎರಡನೇ ಓಣಿಯಲ್ಲಿತ್ತು. ಈಗ ಅದು ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಪ್ಪ ದರ್ಜಿ. ಪಡಸಾಲೆಯೇ ಅಂಗಡಿ. ಮಷಿನ್ ಒಂದು ಮೂಲೆಗೆ, ಕತ್ತರಿಸುವ ಹಲಗೆ ಇನ್ನೊಂದು ಮೂಲೆಗೆ. ನೆಲದ ಮೇಲೆ ಸದಾ ಬಣ್ಣಬಣ್ಣದ ಅರಿವೆ ಚೂರು. ಸುತ್ತಲಿನ ಹಳ್ಳಿಗಳ ಹೆಂಗಸರು ಸಂತೆಗೆ ಬಂದವರು ಕುಪ್ಪಸದ ಅಳತೆ ಕೊಟ್ಟು ಹೋಗುತ್ತಿದ್ದರು. ಪಡಸಾಲೆ ದಾಟಿದರೆ ನಡುಮನೆ, ಅದರಾಚೆ ಅವ್ವನ ಅಡುಗೆಮನೆ, ಹಿಂದೆ ಸಣ್ಣ ಹಿತ್ತಲು. ಹಿತ್ತಲಿಗೆ ಹೊಂದಿಕೊಂಡೇ ಬಚ್ಚಲು. ಅದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಈ ಕತೆ ಕೊನೆಗೆ ಅಲ್ಲಿಗೇ ಬರುತ್ತದೆ. ನೀರಿನ ಹಂಡೆ ಬಚ್ಚಲ ಒಳಗೆ, ಅದರ ಒಲೆಯ ಬಾಯಿ ಗೋಡೆಯ ಹೊರಗೆ, ಹಿತ್ತಲ ಕಡೆಗೆ. ಒಳಗೆ ಒಬ್ಬರು ಮೈತೊಳೆಯುತ್ತಿದ್ದರೆ ಹೊರಗೆ ಒಬ್ಬರು ಕೂತು ಉರಿ ಹಾಕಬೇಕು. ಗೋಡೆಯಲ್ಲಿ ಹೊಗೆ ಹೋಗಲೆಂದು ಬಿಟ್ಟ ಗೇಣಗಲದ ಕಿಂಡಿಯಿತ್ತು. ಒಳಗಿನವರು ‘ಸಾಕು’ ಅಂದರೆ ಹೊರಗೆ ಕೇಳುತ್ತಿತ್ತು.

ಹೊರಗೆ ಕೂತು ಉರಿ ಹಾಕುವವಳು ಯಾವಾಗಲೂ ಅತ್ತಿ. ಅಪ್ಪನ ತಂಗಿ, ಹೆಸರು ಕಸ್ತೂರಿ. ಸುರೇಬಾನಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮಾಡಿಕೊಂಡ ಮೇಲೆ ಒಂದು ತಗಡಿನ ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಬಂಗಾರವೆಲ್ಲ ಅಲ್ಲೇ ಉಳಿಯಿತು. ಕಿವಿಯ ತೂತು ಮುಚ್ಚಬಾರದೆಂದು ಎರಡೂ ಕಿವಿಗೆ ಕಸಬರಿಗೆ ಕಡ್ಡಿಯ ಚೂರು ಸಿಗಿಸಿಕೊಂಡಿರುತ್ತಿದ್ದಳು. ನಾನು ಅವಳನ್ನು ನೆನೆದರೆ ಮೊದಲು ಕಾಣುವುದು ಆ ಕಡ್ಡಿ. ಮುಖ ಆಮೇಲೆ ಬರುತ್ತದೆ, ಅದೂ ಪೂರ್ತಿಯಾಗಿ ಅಲ್ಲ.

ತನ್ನ ಕಿವಿಗೆ ಕಡ್ಡಿ ಹಾಕಿಕೊಂಡವಳು ಓಣಿಯ ಹುಡುಗಿಯರ ಕಿವಿಗೆಲ್ಲ ಆಭರಣ ಮಾಡುತ್ತಿದ್ದಳು. ಉರಿ ಹಾಕಲು ದನ ತಿಂದು ಬಿಟ್ಟ ಜೋಳದ ದಂಟು ಪಕ್ಕದ ರೇಣುಕಾನ ಮನೆಯಿಂದ ಬರುತ್ತಿತ್ತು. ಅತ್ತಿ ಒಲೆಯ ಮುಂದೆ ಕೂತು ಒಂದೊಂದೇ ದಂಟನ್ನು ಹಿಚುಕಿ ನೋಡಿ, ದಪ್ಪನೆಯದನ್ನು ಬಗಲಿಗೆ ಸರಿಸಿ, ಉಳಿದದ್ದನ್ನು ಒಲೆಗೆ ಹಾಕುತ್ತಿದ್ದಳು. ಸರಿಸಿಟ್ಟ ದಂಟಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದರೆ ಒಳಗೆ ಬೆಳ್ಳಗೆ ಹಗುರ ಬೆಂಡು. ಅದನ್ನು ಅರ್ಧ ಬ್ಲೇಡಿನಿಂದ ಕೊರೆದು, ಅರಿಷಿಣ, ಕುಂಕುಮ, ಬಟ್ಟೆಗೆ ಹಾಕುವ ನೀಲಿ, ದೀಪದ ಮಸಿ ಹಚ್ಚಿ, ಮೇಲೆ ಜಾಲಿ ಅಂಟು ಬಳಿದರೆ ಮಿರಿಮಿರಿ ಹೊಳೆಯುತ್ತಿತ್ತು. ಕಿವಿಗೆ ಸಿಗಿಸುವ ತಂತಿಗೆ ಅಪ್ಪನ ಕುಪ್ಪಸದ ಹುಕ್ಕನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಉರಿ ಆರದ ಹಾಗೆ ಎಡಗೈ ದಂಟು ತಳ್ಳುತ್ತಿತ್ತು, ಬಲಗೈ ಬ್ಲೇಡು ಹಿಡಿದಿರುತ್ತಿತ್ತು. ಒಬ್ಬರು ಮೈತೊಳೆದು ಬರುವುದರೊಳಗೆ ಒಂದು ಗುಬ್ಬಿ ಮುಗಿಯುತ್ತಿತ್ತು.

ಅವಳು ಎರಡು ಕಿವಿಗೆ ಒಂದೇ ಥರದ್ದು ಎಂದೂ ಮಾಡಲಿಲ್ಲ. ಬಲಕ್ಕೆ ಮಳೆಮೋಡವಾದರೆ ಎಡಕ್ಕೆ ಬಿಚ್ಚಿದ ಕೊಡೆ. ಬಲಕ್ಕೆ ಯರಗಟ್ಟಿ ಬಸ್ಸು, ಎಡಕ್ಕೆ ಕೈಯೆತ್ತಿಕೊಂಡು ಓಡುವ ಮುದುಕಿ. ಆ ಮುದುಕಿಗೆ ಬಸ್ಸು ಎಂದೂ ಸಿಗುವುದಿಲ್ಲ. ಕೊರಳಿಗೆ ಒಂದು ಇರುವೆ ಸಾಲು ಮಾಡಿದ್ದಳು, ಇಪ್ಪತ್ತೋ ಇಪ್ಪತ್ತೆರಡೋ ಇರುವೆ, ಕೊನೆಯದರ ತಲೆಯ ಮೇಲೆ ನಿಜವಾದ ಸಕ್ಕರೆ ಹರಳು. ರೇಣುಕಾ ಹಾಕಿಕೊಂಡ ದಿನವೇ ಅದಕ್ಕೆ ನಿಜವಾದ ಇರುವೆ ಮುತ್ತಿ ಅವಳು ಅಳುತ್ತ ಬಂದಳು. ಅತ್ತಿ ನಕ್ಕು ನಕ್ಕು ಒಲೆಯಲ್ಲಿ ಉರಿ ಆರಿಹೋಯಿತು. ನನಗೆ ಮೊದಲು ಮಾಡಿಕೊಟ್ಟದ್ದು ಬೆಕ್ಕು ಮತ್ತು ಇಲಿ. ಹಾಕಿಸಿ, ಗದ್ದ ಹಿಡಿದು, ಗಂಭೀರವಾಗಿ ಹೇಳಿದಳು:

“ನೋಡ ಸುಮಿ, ಬೆಕ್ಕ ಈ ಕಡೆ, ಇಲಿ ಆ ಕಡೆ. ನಡಕ ನಿನ್ನ ತಲಿ ಅಡ್ಡ ಐತಿ ಅಂತ ಇಲಿ ಬದುಕೇತಿ. ಗಕ್ಕನ ಹೊಳ್ಳಿ ನೋಡಬ್ಯಾಡ ಮತ್ತ.”

ಎರಡು ದಿನ ನಾನು ಕುತ್ತಿಗೆ ನೆಟ್ಟಗೆ ಇಟ್ಟುಕೊಂಡೇ ಸಾಲೆಗೆ ಹೋಗಿ ಬಂದೆ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ಆಟದ ಬೆಂಡಿಗೆ ಜೀವವಿದೆ ಎಂದು ನಂಬಿದ್ದೆನೋ, ನಂಬಿದವಳ ಹಾಗೆ ಮಾಡಿದರೆ ಅತ್ತಿಗೆ ಖುಷಿ ಎಂದು ಮಾಡಿದ್ದೆನೋ ಗೊತ್ತಿಲ್ಲ. ಒಂದು ಇಲಿಯನ್ನು ಬದುಕಿಸಲು ಎರಡು ದಿನ ಕುತ್ತಿಗೆ ನೋಯಿಸಿಕೊಂಡ ಹುಡುಗಿಯೇ ಮುಂದೆ ಅಷ್ಟು ಸುಲಭವಾಗಿ ಬಾಯಿ ಮುಚ್ಚಿಕೊಂಡಳು ಎಂಬುದು ನನಗೆ ಈಗಲೂ ಹೊಂದಿಕೆಯಾಗದ ಮಾತು.

ಅವ್ವನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಹಾಗೆಂದು ಅವಳು ಕೆಟ್ಟವಳಲ್ಲ. ನಸುಕಿನಿಂದ ರೊಟ್ಟಿ ಬಡಿದು, ನೀರು ಹೊತ್ತು, ಕಾಜು ಹೊಲಿದು, ಗುಂಡಿ ಹಚ್ಚಿ ಸಾಕಾದವಳಿಗೆ ಮನೆ ತುಂಬ ಬೆಂಡಿನ ಪುಡಿ ಕಂಡರೆ ಸಿಟ್ಟು ಬರುತ್ತಿತ್ತು. ಅವಳು ಎರಡು ಸಲ ಗುಡಿಸಿದ ನೆಲದ ಮೇಲೆ ಮೂರನೇ ಸಲ ಗುಬ್ಬಿಯ ರೆಕ್ಕೆ ಬಿದ್ದಿರುತ್ತಿತ್ತು. ಹುಕ್ಕು ಕಡಿಮೆ ಬಿದ್ದಾಗ ಅಪ್ಪ ಗೊಣಗುವುದೂ ಅವ್ವನ ಮುಂದೆಯೇ. ಒಮ್ಮೆ ಅವಳು ರೊಟ್ಟಿ ಬಡಿಯುತ್ತ, ಅತ್ತಿಗೆ ಕೇಳುವಷ್ಟು ಗಟ್ಟಿಯಾಗಿ, ಕೆಲವರ ಕೈಗೆ ಕೆಲಸ ಸಿಗತೈತಿ, ಕೆಲವರ ಕೈಗೆ ಆಟ ಸಿಗತೈತಿ ಅಂದದ್ದು ನೆನಪಿದೆ. ಅತ್ತಿ ಹಿತ್ತಲಿನಿಂದಲೇ, ವೈನಿ, ನೀವೂ ಒಂದ ದಿನ ಆಡ್ರಿ, ರೊಟ್ಟಿ ನಾ ಬಡೀತೇನಿ ಅಂದಳು. ಅತ್ತಿಯ ರೊಟ್ಟಿ ನಡುವೆ ಹರಿಯುತ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ನನ್ನ ಕಿವಿಯಲ್ಲಿ ಬಂಗಾರದ ಬೆಂಡೋಲೆ ಇದ್ದವು. ಅವ್ವನ ತವರು ಬೈಲಹೊಂಗಲ. ಅಲ್ಲಿಯ ಅಜ್ಜಿ ನನಗೆ ಕಿವಿ ಚುಚ್ಚಿಸಿದಾಗ ಹಾಕಿಸಿದ್ದವು. ಮದುವೆಯಾಗಿ ಬಂದ ಮೇಲೆ ಅವ್ವನ ಮೈಮೇಲಿನದು ಒಂದೊಂದಾಗಿ ಹೋಗಿತ್ತು. ನನ್ನ ಕಿವಿಯಲ್ಲಿದ್ದದ್ದೇ ಆ ಮನೆಯಲ್ಲಿ ಉಳಿದ ತವರಿನ ಬಂಗಾರ. ಜಡೆ ಹಾಕುವಾಗ ಅವಳು ಅವುಗಳ ತಿರುಪನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದಳು. ಪ್ರತಿ ದಿನ. ಅತ್ತಿ ಚಾಷ್ಟಿ ಮಾಡುತ್ತಿದ್ದಳು: ನಿಮ್ಮದು ಬಂಗಾರದ್ದು ವೈನಿ, ನಂದ ಖರೇ ಬೆಂಡಿಂದು.

ಆ ವರ್ಷದ ಆಷಾಢದಲ್ಲಿ ಅತ್ತಿ ನನಗೆ ಕೋಳಿ ಮತ್ತು ತತ್ತಿ ಮಾಡಿದಳು. ಕೋಳಿಗೆ ಕೆಂಪು ಅರಿವೆಯ ಜುಟ್ಟು, ಸಾಸಿವೆಯ ಕಣ್ಣು. ಇನ್ನೊಂದು ಕಿವಿಗೆ ಬರೀ ಬಿಳಿ ತತ್ತಿ, ಅದರಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಬರೆದಿದ್ದಳು. ಕೋಳಿ ತನ್ನ ತತ್ತಿ ಹುಡುಕುತ್ತ ಇದೆ, ಅದು ಇರುವುದು ತಲೆಯ ಆಚೆ ಕಡೆ ಎಂದು ಅದಕ್ಕೆ ಗೊತ್ತಿಲ್ಲ. ಇದು ಆ ಜೋಡಿಯ ಕತೆ. ಹಾಕಿಕೊಳ್ಳಬೇಕೆಂದರೆ ಬೆಂಡೋಲೆ ತೆಗೆಯಬೇಕು, ತೂತು ಒಂದೇ. ಬೆಕ್ಕು-ಇಲಿ ಹಾಕಿದಾಗಲೂ ತೆಗೆದಿದ್ದಳು, ಆಗ ಅವ್ವನ ಕೈಗೆ ತಾನೇ ಕೊಟ್ಟು ಬಂದಿದ್ದಳು. ಈ ಸಲ ಅವಳ ಕೈ ಅಂಟಾಗಿತ್ತು. ಒಂದು ಕಪ್ಪು ಕುಪ್ಪಸದ ಚೂರಿನಲ್ಲಿ ಬೆಂಡೋಲೆ ಸುತ್ತಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಸೀದಾ ಅವ್ವನ ಕೈಯಾಗ ಕೊಡು, ನಡಕ ಎಲ್ಲೂ ನಿಲ್ಲಬ್ಯಾಡ ಅಂದಳು. ಇಷ್ಟರವರೆಗೆ ನನಗೆ ಅನುಮಾನವಿಲ್ಲ. ಅಂಟಿನ ವಾಸನೆ, ಮಡಚಿದ ಬೆರಳು, ಕಪ್ಪು ಅರಿವೆ ಎಲ್ಲ ಇದೆ. ಅದು ಮಂಗಳವಾರ, ಗುಳ್ಳವ್ವನ ಮೂರನೇ ಮಂಗಳವಾರ.

ಗುಳ್ಳವ್ವ ನಮ್ಮ ಕಡೆಯ ಹೆಣ್ಣುಮಕ್ಕಳ ದೇವತೆ. ಆಷಾಢದ ಮಂಗಳವಾರಗಳಂದು ಹುತ್ತದ ಮಣ್ಣು ತಂದು, ಗೇಣುದ್ದದ ಗುಳ್ಳವ್ವನನ್ನು ಮಾಡಿ, ಹಸಿ ಮಣ್ಣಿನ ಮೈಗೆ ಕುಸುಬೆ ಕಾಳು, ಗುಲಗಂಜಿ ಒತ್ತಿ ಸಿಂಗರಿಸುತ್ತಿದ್ದೆವು. ನಮ್ಮ ಓಣಿಯಲ್ಲಿ ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ ಹಳ್ಳಕ್ಕೆ ಬಿಡುವ ರೂಢಿ. ಯಾರ ಗುಳ್ಳವ್ವನ ಮೈಮೇಲೆ ಹೆಚ್ಚು ಒಡವೆ ಎಂಬುದೇ ಹುಡುಗಿಯರ ನಡುವಿನ ಪೈಪೋಟಿ. ಅದಕ್ಕಾಗಿ ನಾನು ಅತ್ತಿಯಿಂದ ಬೆಂಡಿನ ಸರ, ಡಾಬು ಎಲ್ಲ ಮಾಡಿಸಿಕೊಳ್ಳುತ್ತಿದ್ದೆ. ಆ ಮಂಗಳವಾರ ರೇಣುಕಾ ತನ್ನ ಗುಳ್ಳವ್ವಗೆ ಹಿತ್ತಾಳೆಯ ಮೂಗುಬೊಟ್ಟು ಇಟ್ಟಿದ್ದಳು. ಖರೇ ಮೂಗುಬೊಟ್ಟು ಎಂದು ಎಲ್ಲರಿಗೂ ತೋರಿಸಿದಳು. ನಿಮ್ಮ ಗುಳ್ಳವ್ವನ ಮೈಮ್ಯಾಗ ಬರೇ ದಂಟು ಅಂದಳು.

ಇದರ ನಂತರ ನನ್ನಲ್ಲಿ ಎರಡು ನೆನಪುಗಳಿವೆ, ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಒಂದರಲ್ಲಿ ನಾನು ಅಡುಗೆಮನೆಗೆ ಹೋಗುತ್ತೇನೆ, ಅವ್ವ ಇಲ್ಲ, ದೀಪದ ಗೂಡಿನಲ್ಲಿ ಆ ಕಪ್ಪು ಗಂಟು ಇಟ್ಟು ಬರುತ್ತೇನೆ. ಇನ್ನೊಂದರಲ್ಲಿ ನಾನು ನಡುಮನೆಯ ಮೂಲೆಯಲ್ಲಿ ಗುಳ್ಳವ್ವನ ಮುಂದೆ ಕೂತಿದ್ದೇನೆ. ಎರಡು ಬೆಂಡೋಲೆಗಳನ್ನು ಹಸಿ ಮಣ್ಣಿನ ಕಿವಿಗೆ ಒತ್ತುತ್ತೇನೆ. ರೇಣುಕಾ ಬರುವ ಸದ್ದಾಗುತ್ತದೆ. ತೋರಿಸಬೇಕೆಂದೇ ಮಾಡಿದವಳಿಗೆ ಗಕ್ಕನೆ ಭಯವಾಗಿ, ಅವುಗಳ ಮೇಲೆ ಒಂದು ಉಂಡೆ ಮಣ್ಣು ಮೆತ್ತಿ, ಅದರ ಮೇಲೆ ಕುಸುಬೆ ಒತ್ತುತ್ತೇನೆ. ಮುಂಜಾನೆ ತೆಗೆದರಾಯಿತು ಎಂದುಕೊಳ್ಳುತ್ತೇನೆ. ಮೊದಲನೆಯ ನೆನಪಿನಲ್ಲಿ ಬಣ್ಣವಿಲ್ಲ. ಎರಡನೆಯದರಲ್ಲಿ ಉಗುರ ಸಂದಿಯ ಮಣ್ಣು ಕೂಡ ಇದೆ. ಅದಕ್ಕೇ ಎರಡನೆಯದೇ ನಿಜ ಎಂದು ನಂಬಿದ್ದೇನೆ.

ಮರುದಿನ ಹಳ್ಳಕ್ಕೆ ಹೋದೆವು. ಮಳೆ ಹಿಡಿದಿತ್ತು. ಬುತ್ತಿಯಲ್ಲಿ ಚಪಾತಿ, ಬೆಲ್ಲದ ಬೇಳೆ. ಗುಳ್ಳವ್ವನನ್ನು ಕೆಂಪು ನೀರಿಗಿಟ್ಟಾಗ ಮೊದಲು ಬೆಂಡಿನ ಸರ ಬಿಚ್ಚಿಕೊಂಡು ತೇಲಿಹೋಯಿತು. ಬೆಂಡು ತೇಲುತ್ತದೆ. ಆಮೇಲೆ ಕುಸುಬೆ ಉದುರಿದವು, ಮೈ ಕರಗಿತು. ನಾನು ನೋಡುತ್ತ ನಿಂತಿದ್ದೆ. ಆ ಹೊತ್ತಿಗೆ ನನಗೆ ಬೆಂಡೋಲೆಯ ನೆನಪು ಇತ್ತೇ? ಇದ್ದೂ, ಹುಡುಗಿಯರ ನಡುವೆ ನೀರಿಗೆ ಕೈ ಹಾಕಿ ಹುಡುಕಲು ಅಂಜಿ ಸುಮ್ಮನಿದ್ದೆನೇ? ಮರೆತಿದ್ದರೆ ನಾನು ಕೂಸು. ಅಂಜಿದ್ದರೆ ಬೇರೆ ಏನೋ. ಈ ಒಂದು ಪ್ರಶ್ನೆಗೆ ಐವತ್ತು ವರ್ಷ ಹತ್ತಿರ ಬಂದರೂ ನನ್ನೊಳಗಿಂದ ಒಂದೇ ಉತ್ತರ ಎರಡು ಸಲ ಬಂದಿಲ್ಲ.

ಶುಕ್ರವಾರ ಬೈಲಹೊಂಗಲದ ಅಜ್ಜಿ ಬಂದಳು. ಬಾಗಿಲಲ್ಲೇ ನನ್ನ ಗದ್ದ ಹಿಡಿದು ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅಲ್ಲಿಯವರೆಗೆ ಅವ್ವ, ಬೆಂಡೋಲೆ ಅತ್ತಿಯ ಹತ್ತಿರ ಇವೆ ಎಂದುಕೊಂಡಿದ್ದಳು. ಅತ್ತಿ, ಅವ್ವನ ಹತ್ತಿರ ಇವೆ ಎಂದುಕೊಂಡಿದ್ದಳು. ಜಡೆ ಹಾಕುವಾಗ ಅವ್ವ ತಿರುಪು ಮುಟ್ಟುವ ಬದಲು ಮೂರು ದಿನ ಕೋಳಿಯನ್ನು ಸರಿಸಿ ಜಡೆ ಹಾಕಿದ್ದಳು, ಮಾತಾಡಿರಲಿಲ್ಲ. ಇಬ್ಬರ ನಡುವೆ ಮಾತು ಅಷ್ಟು ಕಡಿಮೆಯಾಗಿತ್ತು. ಒಂದು ಮಾತು ಕೇಳಿದ್ದರೆ ಬುಧವಾರವೇ ಎಲ್ಲ ತಿಳಿಯುತ್ತಿತ್ತು.

“ಬಂಗಾರ ಬಿಚ್ಚಿ ದಂಟ ಹಾಕ್ಯಾರಲ್ಲ ನೀಲವ್ವ,” ಅಂದಳು ಅಜ್ಜಿ, ಅವ್ವನಿಗೆ. “ನಿಮ್ಮ ಮನ್ಯಾಗ ಶ್ಯಾಣ್ಯಾರ ಭಾಳ ಆಗ್ಯಾರ. ಎಲ್ಲಿಟ್ಟೀರಿ, ತೋರಸ್ರಿ ನೋಡೂಣು.”

ಗೂಡು, ಡಬ್ಬಿ, ಮಷಿನ್ನಿನ ಖಾನೆ, ಅರಿವೆ ಚೂರಿನ ರಾಶಿ ಎಲ್ಲ ಹುಡುಕಿದರು. ಅತ್ತಿ ಒಂದೇ ಮಾತು ಹೇಳಿದಳು, ಸುಮಿ ಕೈಯಾಗ ಕೊಟ್ಟೇನಿ ಅಂತ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ನೆನಪಿನಲ್ಲಿ ನಾನು ಏನೂ ಹೇಳಲಿಲ್ಲ, ಅವ್ವನ ಸೆರಗು ಹಿಡಿದು ನಿಂತೆ, ಅಷ್ಟೇ. ಆದರೆ ಹದಿನಾಲ್ಕರ ದಿನಚರಿಯಲ್ಲಿ, ನನ್ನದೇ ಗುಂಡು ಅಕ್ಷರದಲ್ಲಿ, ‘ಅತ್ತಿ ನನಗೆ ಕೊಟ್ಟಿಲ್ಲ ಎಂದು ಹೇಳಿದೆ’ ಎಂದಿದೆ. ಹದಿನಾಲ್ಕರವಳು ತನ್ನನ್ನು ಶಿಕ್ಷಿಸಿಕೊಳ್ಳಲು ಹೆಚ್ಚು ಮಾಡಿ ಬರೆದಳೋ, ಈಗಿನವಳು ತನ್ನನ್ನು ಉಳಿಸಿಕೊಳ್ಳಲು ಮರೆತಿದ್ದಾಳೋ. ಆ ಪುಟ ಹರಿದುಹಾಕಿಲ್ಲ ಎಂಬುದೊಂದೇ ನಾನು ಅತ್ತಿಗೆ ಸಲ್ಲಿಸಿದ ನ್ಯಾಯ.

ಅಜ್ಜಿ ಬಾಯಿ ಮಾಡಲಿಲ್ಲ. ತನ್ನ ಬಂಗಾರ ಕಳಕೊಂಡಾರಿಗೆ ಮಂದಿ ಬಂಗಾರ ಕಣ್ಣಿಗೆ ಕಾಣತೈತಿ ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದಳು. ಅಪ್ಪ ಮಷಿನ್ನಿನ ಗಾಲಿ ಹಿಡಿದುಕೊಂಡು ಕೂತಿದ್ದ. ಆಮೇಲೆ ಅತ್ತಿಯ ಮುಖ ನೋಡದೆ ಅಂದ:

“ಕಸ್ತೂರಿ, ಒಮ್ಮೆ ನಿನ್ನ ಟ್ರಂಕ ತಗದಬಿಡು. ನೋಡಿದ್ರ ಮುಗದ ಹೋಕ್ಕೇತಿ.”

ಅತ್ತಿ ತಾನೇ ಎಳೆದು ತಂದು ತೆಗೆದಳು. ಎರಡು ಸೀರೆ, ಒಂದು ಕಂಬಳಿ, ಅದರ ಕೆಳಗೆ ಕಡ್ಡಿಪೆಟ್ಟಿಗೆಗಳು, ಸಾಲಾಗಿ. ಪ್ರತಿಯೊಂದಕ್ಕೂ ಹಳೆಯ ಲಗ್ನಪತ್ರಿಕೆಯ ಚೂರು ಅಂಟಿಸಿ ಹೆಸರು ಬರೆದಿದ್ದಳು. ಅಪ್ಪ ಒಂದೊಂದೇ ಪೆಟ್ಟಿಗೆ ತೆಗೆದು ಅಂಗೈಗೆ ಬಗ್ಗಿಸಿಕೊಳ್ಳುತ್ತ ಹೋದ. ‘ರೇಣುಕಾ’ ಎಂಬುದರಲ್ಲಿ ಹೊಸ ಇರುವೆ ಸಾಲು, ಈ ಸಲ ಸಕ್ಕರೆ ಇಲ್ಲದ್ದು. ‘ಅಣ್ಣ’ ಎಂಬುದರಲ್ಲಿ ಅಂಗಿಗೆ ಹಚ್ಚಿಕೊಳ್ಳುವ ಕತ್ತರಿ, ಉಗುರಿನಷ್ಟು, ಅದರ ಬಾಯಲ್ಲಿ ಒಂದು ಕಳ್ಳ ಹುಕ್ಕು. ಅಪ್ಪನ ಕೈ ಅಲ್ಲಿ ನಿಂತಿತು. ಆದರೂ ಉಳಿದದ್ದನ್ನು ತೆಗೆದ, ಅರ್ಧಕ್ಕೆ ಬಿಡಲು ಬರುವುದಿಲ್ಲ ಎಂಬ ಹಾಗೆ. ಕೊನೆಯದರಲ್ಲಿ ‘ವೈನಿ’ ಎಂದಿತ್ತು. ಒಂದು ಸರ. ಹನ್ನೊಂದು ಪುಟ್ಟ ಜೋಳದ ರೊಟ್ಟಿಗಳು, ಒಂದೊಂದರ ಮೇಲೂ ಹಂಚಿನ ಸುಟ್ಟ ಕಲೆ, ಬೇರೆ ಬೇರೆ ಕಡೆ. ನಡುವೆ ಪದಕದ ಜಾಗದಲ್ಲಿ ರೊಟ್ಟಿ ಬಡಿಯುವ ಎರಡು ಪುಟ್ಟ ಕೈ, ಕೈಗೆ ಹಸಿರು ಬಳೆ. ಒಂದು ರೊಟ್ಟಿ ಮಾತ್ರ ನಡುವೆ ಹರಿದಿತ್ತು. ಅದು ತನ್ನದು ಎಂದು ಅತ್ತಿ ನಗಿಸಲು ಇಟ್ಟಿದ್ದಿರಬೇಕು. ಯಾರೂ ನಗಲಿಲ್ಲ.

“ಪಂಚಮಿಗೆ ಕೊಡಬೇಕಂತ ಮಾಡಿಟ್ಟಿದ್ನಿ ವೈನಿ,” ಅಂದಳು ಅತ್ತಿ. “ಈಗ ನೋಡೇ ಬಿಟ್ರಲ್ಲ.”

ಅವ್ವ ಅಡುಗೆಮನೆಗೆ ಹೋದಳು. ಆ ಸರ ಆಮೇಲೆ ಎಲ್ಲಿ ಹೋಯಿತೆಂದು ನನಗೆ ಗೊತ್ತಿಲ್ಲ. ಬೆಂಡನ್ನು ಹುಳ ತಿನ್ನುತ್ತದೆ.

ಇನ್ನು ಬಚ್ಚಲು. ನಮ್ಮ ಮನೆಯಲ್ಲಿ ರವಿವಾರ ತಲೆಗೆ ಎರೆದುಕೊಳ್ಳುವ ದಿನ. ಅದು ಟ್ರಂಕು ತೆಗೆದ ಮೇಲಿನ ರವಿವಾರ ಎಂದು ನನ್ನ ಲೆಕ್ಕ, ಆದರೆ ಅದರ ಮುಂದಿನ ರವಿವಾರವೂ ಇರಬಹುದು. ನಾನು ಮಣೆಯ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದೇನೆ, ಸೀಗೇಪುಡಿ ಕಣ್ಣಿಗಿಳಿಯುತ್ತಿದೆ, ಅವ್ವ ಹಿಂದೆ ನಿಂತು ನೀರು ಹಾಕುತ್ತಿದ್ದಾಳೆ. ಮುಖ ಕಾಣದ್ದರಿಂದ ಧೈರ್ಯ ಬಂದಿರಬೇಕು. ನಾನು ಹೇಳುತ್ತೇನೆ:

“ಅವ್ವಾ, ಬೆಂಡ್ವಾಲಿ ನಾ ಗುಳ್ಳವ್ವಗ ಹಾಕಿದ್ನಿ.”

ಅವ್ವನ ಕೈ ನಿಲ್ಲುತ್ತದೆ. ಎಷ್ಟು ಹೊತ್ತು ಎಂದು ಹೇಳಲಾರೆ, ಬೆನ್ನಿನ ಮೇಲಿನ ನೀರು ತಣ್ಣಗಾಗುವಷ್ಟು. ಹೊರಗೆ ಒಲೆಯಲ್ಲಿ ದಂಟು ಚಟಚಟ ಸಿಡಿಯುತ್ತಿದೆ. ಆಮೇಲೆ ಅವ್ವ, ಕಣ್ಣ ಮುಚ್ಚು ಅನ್ನುತ್ತಾಳೆ. ತಂಬಿಗೆಯ ನೀರು ತಲೆಯ ಮೇಲೆ ಬೀಳುತ್ತದೆ. ಬಿಸಿ ಬಿಸಿ ನೀರು.

ಅತ್ತಿ ಹೋದದ್ದು ಟ್ರಂಕು ತೆಗೆದ ಮೇಲಿನ ರವಿವಾರ ಮುಂಜಾನೆಯ ಬಸ್ಸಿಗೋ, ಸೋಮವಾರವೋ ನನಗೆ ನೆನಪಿಲ್ಲ. ಯಾರೂ ಹೋಗು ಅನ್ನಲಿಲ್ಲ. ಅವಳೇ ಅಪ್ಪನಿಗೆ, ಸುರೇಬಾನದಾಗ ಕಬ್ಬಿನ ಕೆಲಸ ಬಂದೇತಿ, ಕೈ ಬೇಕಾಗಿರತಾವ ಎಂದು ಏನೋ ನೆಪ ಹೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕೋಳಿ, ತತ್ತಿ ಕಿವಿಯಲ್ಲಿ ಇರಲಿಲ್ಲ, ಶುಕ್ರವಾರವೇ ಅಜ್ಜಿ ಬಿಚ್ಚಿಸಿದ್ದಳು. ಎರಡೂ ಕಿವಿಗೆ ಕಸಬರಿಗೆ ಕಡ್ಡಿ ಹಾಕಿದ್ದರು, ತೂತು ಮುಚ್ಚಬಾರದೆಂದು. ಅತ್ತಿ ನನ್ನ ಕಿವಿ ಮುಟ್ಟಿ, ಇಬ್ಬರೂ ಒಂದ ನಮೂನಿ ಆದೆವಲ್ಲ ಅಂದಳು. ಸ್ವಲ್ಪ ದಿನಕ್ಕೆ ಪಂಚಮಿ ಬಂತು. ಓಣಿಯ ಮನೆಮನೆಗೂ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ಕರಕೊಂಡು ಬಂದರು. ನಮ್ಮಪ್ಪ ಆ ದಿನ ಬಾಗಿಲು ಹಾಕಿಕೊಂಡು ಕುಪ್ಪಸ ಹೊಲಿದ. ಅದಕ್ಕೂ ಮೊದಲು ಬಂದ ಗುಳ್ಳವ್ವನ ನಾಲ್ಕನೇ ಮಂಗಳವಾರ, ಐದನೇ ಮಂಗಳವಾರ ನಾನು ಮಣ್ಣು ಮುಟ್ಟಲಿಲ್ಲ. ಯಾಕೆಂದು ಅವ್ವ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಎಷ್ಟೋ ವರ್ಷಗಳ ಮೇಲೆ ವಿಚಿತ್ರವೆನಿಸಿತು.

ಎಂ.ಎ. ಮುಗಿದ ವರ್ಷ ಒಬ್ಬಳೇ ರಾಮದುರ್ಗಕ್ಕೆ ಹೋಗಿ, ಅಲ್ಲಿಂದ ಸುರೇಬಾನದ ಬಸ್ಸು ಹಿಡಿದೆ. ಎಲ್ಲ ಹೇಳಿ ಬರಬೇಕೆಂದೇ ಹೋದದ್ದು. ಅತ್ತಿ ಗಂಡನ ಮನೆಯಲ್ಲಿ ಸವತಿಯ ಮಕ್ಕಳಿಗೆ ದೊಡ್ಡವ್ವನಾಗಿದ್ದಳು, ಮಲಗುವುದು ಹಿತ್ತಲ ಕೋಣೆಯಲ್ಲಿ. ಬೆರಳು ಕಬ್ಬಿನ ರವದಿಯ ಒಣಗರಿ ಕೊಯ್ದು ಕೊಯ್ದು ದಪ್ಪವಾಗಿದ್ದವು. ಕಿವಿಯಲ್ಲಿ ಅದೇ ಕಡ್ಡಿ. ನನಗೆ ರೊಟ್ಟಿ, ಜುಣಕ ಬಡಿಸಿದಳು. ರೊಟ್ಟಿ ಎಲ್ಲೂ ಹರಿದಿರಲಿಲ್ಲ. ಈಗ ಏನೂ ಮಾಡುವುದಿಲ್ಲವೇ ಎಂದು ಕೇಳಿದ್ದಕ್ಕೆ, ಇಲ್ಲಿ ಯಾರ ಕಿವಿಗೆ ಮಾಡ್ಲಿ, ಇವರ ಮನ್ಯಾಗ ಎಲ್ಲಾರಿಗೂ ಬಂಗಾರ ಐತಿ ಎಂದು ನಕ್ಕಳು. ಉಂಡು ಕೈತೊಳೆದ ಮೇಲೆ ನಾನು, ಅತ್ತಿ, ಆ ಬೆಂಡ್ವಾಲಿ ಎಂದು ಶುರುಮಾಡಿದೆ. ಅವಳು ತಟ್ಟೆ ಎತ್ತುತ್ತಿದ್ದವಳು ಕೆಳಗಿಟ್ಟಳು.

“ನಿನ್ನ ಕೈಯಾಗ ಇಟ್ಟ ಬೆರಳ ಮಡಚಿದ್ನಿ. ಅಲ್ಲೀಮಟಾ ನಂದು. ಅಲ್ಲಿಂದ ಮುಂದಿಂದ ನೀ ಹೇಳಬೇಕವ್ವ.”

ಅವಳು ಕಾದಳು. ಅವಳು ಕಾದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಒಲೆಯ ಮುಂದೆ ಕೂರುತ್ತಿದ್ದ ಹಾಗೆಯೇ ಕೂತು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಬಸ್ಸಿನ ಹೊತ್ತಾಯಿತು ಅಂದೆ.

“ಹೋಗ ಹಂಗಾರ,” ಅಂದಳು. “ಬಸ್ಸ ತಪ್ಪೀತು.”

ಎರಡು ವರ್ಷಕ್ಕೆ ಅವಳು ಹೋದಳು. ಅಪ್ಪನಿಗೆ ಕಾರ್ಡು ಬಂದಾಗ ಮಣ್ಣಾಗಿ ನಾಲ್ಕು ದಿನವಾಗಿತ್ತು. ಈಗ ಅಪ್ಪನೂ ಇಲ್ಲ. ನಾನು ಕಿತ್ತೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತ ಇಲ್ಲೇ ನೆಲೆಯಾದೆ. ಅವ್ವ ನನ್ನ ಹತ್ತಿರ ಇದ್ದಾಳೆ. ಎಂಬತ್ತು ದಾಟಿದೆ. ಹಾಲು ಬಂತೇ ಎಂದು ಮೂರು ಸಲ ಕೇಳುತ್ತಾಳೆ. ನನ್ನ ಮಗಳನ್ನು ಸುಮಿ ಅನ್ನುತ್ತಾಳೆ, ನನ್ನನ್ನು ಕೆಲವೊಮ್ಮೆ ಟೀಚರ್ ಅನ್ನುತ್ತಾಳೆ.

ಕಳೆದ ತಿಂಗಳು ಮಗಳ ಜೊತೆ ಬೆಳಗಾವಿಯಲ್ಲಿ ಕರಕುಶಲ ವಸ್ತುಗಳ ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಮೇಜಿನ ತುಂಬ ಸುಟ್ಟ ಮಣ್ಣಿನ ಓಲೆಗಳು. ಕಲ್ಲಂಗಡಿ ಹೋಳು, ಚಹಾದ ಕಪ್ಪು, ಬೆಕ್ಕು, ಮೋಡ. ಮಾರುತ್ತಿದ್ದ ಹುಡುಗಿ, ಎರಡೂ ಬ್ಯಾರೆ ಬ್ಯಾರೆ ಇರೋದ ಈಗ ಫ್ಯಾಷನ್ ರೀ ಮೇಡಂ, ಹೊಸಾದು ಅಂದಳು. ಅವುಗಳ ನಡುವೆ ಒಂದು ಕೋಳಿ, ಪಕ್ಕದಲ್ಲಿ ಒಂದು ತತ್ತಿ. ತತ್ತಿಗೆ ಬಿರುಕು ಇರಲಿಲ್ಲ. ಎಲ್ಲಿಂದ ಕಲಿತೆ ಎಂದು ಕೇಳಿದೆ. ಮೊಬೈಲಿನಲ್ಲಿ ನೋಡಿ ಅಂದಳು. ಅಷ್ಟೇ ಇರಬೇಕು. ಕೋಳಿಗೆ ತತ್ತಿ ಯಾರಿಗಾದರೂ ಹೊಳೆಯಬಹುದು. ಕೊಂಡು ತಂದೆ. ಮನೆಗೆ ಬಂದು, ಯಾಕೆಂದು ನನಗೇ ಸ್ಪಷ್ಟವಿಲ್ಲದೆ, ಅವ್ವನ ಮುಂದೆ ಕೂತು ಅವುಗಳನ್ನು ಕಿವಿಗೆ ಹಾಕಿಕೊಂಡೆ. ಕೋಳಿ ಎಡಕ್ಕೆ, ತತ್ತಿ ಬಲಕ್ಕೆ. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ನನ್ನ ಎಡಗಿವಿ ಮುಟ್ಟಿದಳು.

“ಅದಲಿಬದಲಿ ಆಗ್ಯಾವ. ಕೋಳಿ ಬಲಕ್ಕಿತ್ತು.”

ಹಾಲು ಬಂದದ್ದು ಮರೆಯುವವಳು ಇದನ್ನು ಮರೆತಿರಲಿಲ್ಲ. ಆ ಮೂರು ದಿನ ಜಡೆ ಹಾಕುವಾಗ ಸರಿಸಿದ ಕೋಳಿ ಯಾವ ಕಿವಿಯದೆಂದು ಅವಳ ಕೈಗೆ ನೆನಪಿತ್ತು. ಹಾಗಿದ್ದರೆ ಉಳಿದದ್ದೂ ನೆನಪಿರಬೇಕು. ಇಷ್ಟು ವರ್ಷ ನಾನು ಕೇಳದೆ ಇದ್ದ ಮಾತು ಬಾಯಿಗೆ ಬಂತು. ಅತ್ತಿ ಇದ್ದಷ್ಟು ದಿನ ಅವ್ವ ಬಚ್ಚಲ ಒಲೆಯ ಮುಂದೆ ಕೂತವಳಲ್ಲ. ಆಕೆ ಹೋದ ಮೇಲೆ, ಅವ್ವನೇ ಮೊದಲು ಉರಿ ಹಾಕಿ, ನೀರು ಕಾಸಿ, ಆಮೇಲೆ ಒಳಗೆ ಬಂದು ನನಗೆ ಎರೆಯುತ್ತಿದ್ದಳು. ನಾನು ಬೆಂಡೋಲೆಯ ಮಾತು ಹೇಳಿದ ಹೊತ್ತಿಗೆ ಅತ್ತಿ ಸುರೇಬಾನದಲ್ಲಿದ್ದರೆ, ಅವ್ವ ಮಾಡಿದ್ದು ಆದದ್ದನ್ನು ಮತ್ತೆ ಕೆದಕದೆ ಬಿಟ್ಟದ್ದು ಮಾತ್ರ. ಅತ್ತಿ ಇನ್ನೂ ಮನೆಯಲ್ಲೇ ಇದ್ದರೆ, ಅವ್ವ ಎಲ್ಲ ಗೊತ್ತಿದ್ದೂ ಆಕೆಯನ್ನು ಬಸ್ಸು ಹತ್ತಿಸಿದಳು. ಮತ್ತು ಗೋಡೆಯ ಆಚೆ, ಕಿಂಡಿಯ ಹತ್ತಿರ, ದಂಟು ತಳ್ಳುತ್ತ ಕೂತವಳು ನನ್ನ ಮಾತು ಕೇಳಿಯೂ ಟ್ರಂಕು ಎತ್ತಿಕೊಂಡಳು. ಸುರೇಬಾನದಲ್ಲಿ ಆಕೆ ಕಾದದ್ದು ತಿಳಿಯಲೆಂದಲ್ಲ, ಗೊತ್ತಿದ್ದದ್ದನ್ನು ನನ್ನ ಬಾಯಿಂದ ಇನ್ನೊಮ್ಮೆ ಕೇಳಲೆಂದು.

ಅವ್ವ ಉತ್ತರ ಕೊಟ್ಟಿಲ್ಲ. ಹದಿನೆಂಟು ದಿನವಾಯಿತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಬಹುದು, ಆದರೆ ಕೇಳಿದ ಕೂಡಲೇ ಅವಳು ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ. ಕೋಳಿ, ತತ್ತಿ ಅವಳ ಎಲೆಅಡಿಕೆ ಸಂಚಿಯಲ್ಲಿವೆ, ತಿರುಗಿ ಕೊಡಲೊಲ್ಲಳು. ಆ ದಿನ ನಾನು ಅವಳನ್ನು ದೂರಲಿಲ್ಲ, ನನ್ನ ತಪ್ಪನ್ನೂ ಹೇಳಿಕೊಳ್ಳಲಿಲ್ಲ, ಅತ್ತಿಯ ಹೆಸರು ಕೂಡ ಎತ್ತಲಿಲ್ಲ. ಕೋಳಿಯನ್ನು ಬಲಗಿವಿಗೆ ಬದಲಿಸಿಕೊಳ್ಳುತ್ತ ಇಷ್ಟು ಮಾತ್ರ ಕೇಳಿದೆ:

“ಅವ್ವಾ, ಆ ರವಿವಾರ ಬಚ್ಚಲಕ್ಕ ನೀರು ಯಾರು ಕಾಸಿದ್ರು?”